ತಡಿಕೆಯ ಆಚೆ ಕೂತವರು

ತಡಿಕೆಯ ಈಚೆ ಒಬ್ಬರು, ಆಚೆ ಒಬ್ಬರು ಕೂರಬೇಕು. ಈಚೆಯವರು ನಾರನ್ನು ಸಂದಿಯಲ್ಲಿ ತೂರಿಸಿದರೆ ಆಚೆಯವರು ಎಳೆದು ಬಿಗಿದು ಮರಳಿ ಕೊಡಬೇಕು. ಒಬ್ಬರ ಕೈ ಸಡಿಲಾದರೂ ಹೊಲಿಗೆ ಕೆಟ್ಟಿತು. ನ್ಯೂಜಿಲೆಂಡಿನ ಮಾವೊರಿ ಜನ ಇದನ್ನು ತುಕುತುಕು ಎನ್ನುತ್ತಾರೆ. ಉದ್ದಕ್ಕೆ ಜೊಂಡಿನ ಕಡ್ಡಿ, ಅಡ್ಡಕ್ಕೆ ಮರದ ಪಟ್ಟಿ. ಹೊಲಿಯಲು ಕಿಯೆಕಿಯೆ ಬಳ್ಳಿಯ ಬಿಳಿಚಿದ ಎಲೆ, ಕಡಲದಂಡೆಯ ಮರಳಲ್ಲಿ ಬೆಳೆಯುವ ಪಿಂಗಾವೊ ಹುಲ್ಲಿನ ಹೊಂಬಣ್ಣದ ಎಸಳು. ಕಪ್ಪು ಬೇಕೆಂದರೆ ಎಲೆಯನ್ನು ಕೆಸರಿನಲ್ಲಿ ಅದ್ದಿಡುತ್ತಾರೆ.

ವೆಲಿಂಗ್ಟನ್‌ನ ಉತ್ತರಕ್ಕೆ, ಒಟಾಕಿ ಊರಿನಲ್ಲಿರುವ ರಂಗಿಯಾತೆಯಾ ಚರ್ಚಿನ ಒಳಗೋಡೆಗಳ ಸೊಬಗೆಲ್ಲ ಈ ತಡಿಕೆಗಳದ್ದು.

ಅದನ್ನು ಕಟ್ಟಿಸಲು ಮುಂದಾದವನು ಙಾತಿ ತೋಆ ಬುಡಕಟ್ಟಿನ ಮುಖಂಡ ತೆ ರೌಪರಾಹಾ. ರಗ್ಬಿ ಪಂದ್ಯಕ್ಕೆ ಮುನ್ನ ನ್ಯೂಜಿಲೆಂಡ್ ಆಟಗಾರರು ತೊಡೆ ತಟ್ಟಿ ಆರ್ಭಟಿಸುವ ‘ಕಾ ಮಾತೆ’ ಹಾಕಾ ಅವನದೇ ರಚನೆ. 1846ರಲ್ಲಿ ಗವರ್ನರ್ ಜಾರ್ಜ್ ಗ್ರೇ ಅವನನ್ನು ವಿಚಾರಣೆಯಿಲ್ಲದೆ ಸೆರೆಯಲ್ಲಿಟ್ಟ. 1848ರಲ್ಲಿ ಬಿಡುಗಡೆಯಾಗಿ ಬಂದ ಮೇಲೆ ಜನರನ್ನು ಈ ಕೆಲಸಕ್ಕೆ ಹಚ್ಚಿದ. ಮರುವರ್ಷವೇ ತೀರಿಕೊಂಡ. ಕಟ್ಟಡ ಮುಗಿದದ್ದು 1851ರಲ್ಲಿ.

ಸೂರಿನ ನೆತ್ತಿಗೆ 80 ಅಡಿಗೂ ಮಿಕ್ಕಿದ ಒಂದೇ ತೋತರಾ ಮರದ ತೊಲೆ. ಅದು ಒಬ್ಬನೇ ದೇವರ ಗುರುತು. ಅದನ್ನು ಹೊತ್ತ ಮೂರು ಕಂಬ ತ್ರಿತ್ವದ ಗುರುತು. ಮಾವೊರಿಗಳ ಸಭಾಮನೆಯಲ್ಲಿ ನೆತ್ತಿಯ ತೊಲೆಯೆಂದರೆ ಪೂರ್ವಜನ ಬೆನ್ನೆಲುಬು, ಗೋಡೆಗುಂಟ ಹಿರಿಯರ ಕೆತ್ತನೆಗಳು. ಚರ್ಚಿನಲ್ಲಿ ಅಂಥ ಮೂರ್ತಿಗಳು ಬರಲಿಲ್ಲ. ಬದಲಿಗೆ ತಡಿಕೆಯ ಮೇಲೆ ‘ಪುರಪುರ ಫೆತು’, ಎಂದರೆ ಚುಕ್ಕಿಗಳ ವಿನ್ಯಾಸ, ಮೂಡಿತು. ಹೊಸ ದೇವರನ್ನು ಒಪ್ಪಿದವರು ಹಳೆಯ ಮನೆಯ ಹದ ಬಿಡಲಿಲ್ಲ. ನನ್ನ ಮಟ್ಟಿಗೆ ಈ ಚರ್ಚಿನ ದೊಡ್ಡ ಬೆಲೆ ಇದೇ. ಪೂರ್ವಜರು ಬಿಟ್ಟುಬಂದ ದ್ವೀಪದ ಹೆಸರೇ ರಂಗಿಯಾತೆಯಾ. ಅಲ್ಲಿಂದ ತೈನುಯಿ ದೋಣಿಯಲ್ಲಿ ತಂದ ಪವಿತ್ರ ಮಣ್ಣು ಬಲಿಪೀಠದ ಅಡಿಯಲ್ಲಿದೆ ಎಂಬುದು ಹಿರಿಯರ ಮಾತು.

1995ರ ಅಕ್ಟೋಬರ್ 7ರಂದು ಕಿಡಿಗೇಡಿಗಳು ಇಟ್ಟ ಬೆಂಕಿಗೆ ಎಲ್ಲವೂ ಸುಟ್ಟುಹೋಯಿತು. ಬಾಚಿಯ ಗುರುತು ಹೊತ್ತಿದ್ದ ಆ ತೊಲೆಯೂ ಉಳಿಯಲಿಲ್ಲ.

ಊರಿನವರು ಅದೇ ಜಾಗದಲ್ಲಿ, ಹಳೆಯದರ ಪಡಿಯಚ್ಚಿನಂತೆ ಮತ್ತೆ ಕಟ್ಟಿದರು. 2003ರಲ್ಲಿ ಬಾಗಿಲು ತೆರೆಯಿತು. ಹೊಸದಾಗಿ ಕಟ್ಟಿದ್ದನ್ನು ಪರಂಪರೆ ಎನ್ನಬಹುದೇ ಎಂದು ಕೇಳುವವರಿದ್ದಾರೆ. ಮರದ ವಯಸ್ಸನ್ನಷ್ಟೇ ಎಣಿಸಿದರೆ ಅವರದು ಸರಿಯಾದ ಪ್ರಶ್ನೆ. ಆದರೆ ಆ ತಡಿಕೆ ಹೊಲಿಯುವುದನ್ನು ಯಾರೂ ಒಬ್ಬರೇ ಕಲಿಯಲಾರರು. ಎದುರಿಗೆ ಕೂರುವವರು ಬೇಕು. ಒಟಾಕಿಗೆ ಹೋದರೆ ಚುಕ್ಕಿಗಳನ್ನು ನೋಡುತ್ತ ನಿಂತಾಗ ಆಚೆ ಬದಿಯಲ್ಲಿ ಕೂತಿದ್ದವರನ್ನೂ ಒಮ್ಮೆ ನೆನೆಯಿರಿ.