ಟಿವಿಯೊಳಗಿನ ಬೀದರ್ ಎಲ್ಲಿ ಹೋಯಿತು?



ಕಂಪ್ಯೂಟರನ್ನು ದೊಡ್ಡ ಟಿವಿಗೆ ಸರಿಯಾಗಿ ಜೋಡಿಸುವುದು ಹೇಗೆ ಎಂಬುದನ್ನು ಈ ಸಲದ ಗೋಡೆ ಪತ್ರಿಕೆಗೆ ಬರೆದಿದ್ದೇನೆ. "ವೈರ್ ಚುಚ್ಚಿದ್ರ ಆತು, ಅದರಾಗ ಬರಿಯೋದೇನೈತಿ?" ಅಂತ ನೀವು ಕೇಳಬಹುದು. ನಾನೂ ಹಂಗ ತಿಳಿದಿದ್ದೆ. ಆದರೆ ಅದರಿಂದ ನನಗೆ ಏನಾಯಿತು ಅಂತ ಮೊದಲು ಹೇಳುತ್ತೇನೆ.

ಹೋದ ವರ್ಷ ನಮ್ಮ ಕ್ಲಾಸಿಗೆ ಟಿವಿ ಬಂದಾಗ ಎಲ್ಲರಿಗೂ ಖುಷಿಯಾಯಿತು. ಸರ್ ಕಂಪ್ಯೂಟರಿನಿಂದ ಅದಕ್ಕೆ ವೈರ್ ಜೋಡಿಸಿ ಪಾಠ ತೋರಿಸತೊಡಗಿದರು. ನಾನು ಕೂಡೋದು ಹಿಂದಿನ ಬೆಂಚಿನಲ್ಲಿ. ಅಲ್ಲಿಂದ ದೊಡ್ಡ ಅಕ್ಷರ ಕಾಣುತ್ತಿತ್ತು, ಒತ್ತಕ್ಷರ ಕಾಣುತ್ತಿರಲಿಲ್ಲ. "ತ"ದ ಕೆಳಗೆ ಇರೋದು "ತ"ವೋ "ನ"ವೋ ತಿಳಿಯದೆ ನೋಟ್ಸ್ ತಪ್ಪು ಬರೆದುಕೊಳ್ಳುತ್ತಿದ್ದೆ. ಒಂದು ದಿನ ಕರ್ನಾಟಕದ ನಕಾಶೆ ತೋರಿಸಿ ಸರ್ ಕೇಳಿದರು, "ಎಲ್ಲಕ್ಕಿಂತ ಉತ್ತರದ ಜಿಲ್ಲಾ ಯಾವುದು?" ನಾನು ಪರದೆ ನೋಡಿ "ಕಲಬುರಗಿ ರೀ ಸರ್" ಅಂದೆ. ಎಲ್ಲರೂ ನಕ್ಕರು. ಆದರೆ ಟಿವಿಯಲ್ಲಿ ಬೀದರ್ ಅನ್ನೋ ಹೆಸರೇ ಇರಲಿಲ್ಲ!

ನನಗೆ ಕಣ್ಣು ಕಾಣೋದಿಲ್ಲ ಅಂತ ಸರ್ ಅಪ್ಪಗ ಹೇಳಿ ಕಳಿಸಿದರು. ಅಪ್ಪ ಒಂದು ದಿನದ ಕೂಲಿ ಬಿಟ್ಟು ಹುಬ್ಬಳ್ಳಿಗೆ ಕರಕೊಂಡು ಹೋದ. ಡಾಕ್ಟರು ತಪಾಸಣೆ ಮಾಡಿ "ಕಣ್ಣು ಚಲೋ ಅದಾವ, ಚಾಳೀಸು ಬೇಕಾಗಿಲ್ಲ" ಅಂದರು. ಬಸ್ಸಿನಲ್ಲಿ ಬರುವಾಗ ಅಪ್ಪ ಬೈಯಲಿಲ್ಲ, ಸುಮ್ಮನೆ ಕೂತಿದ್ದ. ಬೈದಿದ್ದರೇ ಬೇಷಿತ್ತು ಅನಿಸಿತು.

ನಮ್ಮ ಕಾಕಾ ಧಾರವಾಡದ ಸುಭಾಸ ರೋಡಿನಲ್ಲಿ ಡಿಟಿಪಿ ಕೆಲಸ ಮಾಡುತ್ತಾನೆ. ಅವನ ಮುಂದೆ ಎಲ್ಲಾ ಹೇಳಿದೆ. "ಕಣ್ಣಿಂದು ತಪ್ಪಲ್ಲವಾ, ಟಿವೀದು ನೋಡಬೇಕು" ಅಂತ ಮರುದಿನವೇ ಸಾಲಿಗೆ ಬಂದ. ಸರ್ ಒಪ್ಪಿಗೆ ಕೊಟ್ಟರು. ಕಾಕಾ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಚುಕ್ಕೆಗಳ ಲೆಕ್ಕ

ಟಿವಿಯ ಪರದೆ ಸಣ್ಣ ಸಣ್ಣ ಚುಕ್ಕೆಗಳಿಂದ ಆಗಿರುತ್ತದೆ. ಇವಕ್ಕೆ ಪಿಕ್ಸೆಲ್ ಅನ್ನುತ್ತಾರೆ. ಡಬ್ಬಿಯ ಮೇಲೆ "ಫುಲ್ ಎಚ್.ಡಿ." ಎಂದಿದ್ದರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆ. ಗುಣಿಸಿ ನೋಡಿರಿ, ಒಟ್ಟು 20,73,600. "ಎಚ್.ಡಿ. ರೆಡಿ" ಎಂದಿದ್ದರೆ ಸಾಮಾನ್ಯವಾಗಿ 1366 ಮತ್ತು 768. "4ಕೆ" ಎಂದರೆ 3840 ಮತ್ತು 2160, ಅಂದರೆ ಫುಲ್ ಎಚ್.ಡಿ.ಯ ನಾಲ್ಕು ಪಟ್ಟು.

ನಮ್ಮ ಟಿವಿ ಫುಲ್ ಎಚ್.ಡಿ. ಆದರೆ ಕಂಪ್ಯೂಟರು ಅದಕ್ಕೆ ಕಳಿಸುತ್ತಿದ್ದುದು 1280 ಮತ್ತು 720, ಅಂದರೆ 9,21,600 ಚುಕ್ಕೆಗಳ ಚಿತ್ರ. ಟಿವಿಯ ಪ್ರತಿ 9 ಚುಕ್ಕೆಗೆ ನಾವು 4 ಚುಕ್ಕೆಯ ಸುದ್ದಿ ಮಾತ್ರ ಕೊಡುತ್ತಿದ್ದೆವು. ಉಳಿದದ್ದನ್ನು ಟಿವಿ ತಾನೇ ಅಂದಾಜು ಮಾಡಿ ತುಂಬುತ್ತಿತ್ತು.

ಅಂದಾಜು ಮಾಡಿದರೆ ಯಾಕೆ ಮಸುಕಾಗುತ್ತದೆ? ಕಾಕಾ ಕಸೂತಿಯ ಉದಾಹರಣೆ ಕೊಟ್ಟ. ನಮ್ಮ ಧಾರವಾಡದ ಕಸೂತಿಯನ್ನು ಬಟ್ಟೆಯ ಎಳೆ ಎಣಿಸಿ ಹಾಕುತ್ತಾರೆ. ಗೋಪುರ, ತೇರು, ಆನೆ ಎಲ್ಲಾ ಎಣಿಕೆಯ ಮೇಲೆಯೇ ನಿಲ್ಲುತ್ತವೆ. "ಎರಡು ಎಳಿಗೆ ಲೆಕ್ಕ ಹಾಕಿದ ಗೋಪುರಾನ ಮೂರು ಎಳಿ ಮ್ಯಾಲ ಹಿಗ್ಗಿಸು ಅಂದ್ರ ನಿಮ್ಮ ಅಜ್ಜಿ ಏನ್ ಮಾಡ್ಯಾಳು? ಒಂದೂವರಿ ಎಳಿ ಹಿಡಿಯಾಕ ಬರ್ತೈತೇನು?" ಟಿವಿಗೂ ಒಂದೂವರೆ ಚುಕ್ಕೆ ಬರುವುದಿಲ್ಲ. ಅದಕ್ಕೆ ಅಕ್ಕಪಕ್ಕದ ಎರಡು ಚುಕ್ಕೆಯ ಬಣ್ಣ ಕಲಸಿ ನಡುವಿನದನ್ನು ತುಂಬುತ್ತದೆ. ಸಿನಿಮಾ ನೋಡುವಾಗ ಇದು ಅಷ್ಟು ಗೊತ್ತಾಗುವುದಿಲ್ಲ. ಆದರೆ ಒತ್ತಕ್ಷರದ ಗೆರೆ ಬಲು ಸಣ್ಣದು. ಅದು ಕಲಸಿಹೋದರೆ ಓದಲು ಬರುವುದಿಲ್ಲ.

ಮೊದಲನೇ ತಪ್ಪು: ಎರಡು ಪರದೆಗೆ ಒಂದೇ ಅಳತೆ

ನಮ್ಮ ಕಂಪ್ಯೂಟರಿಗೆ ಸಣ್ಣ ಮಾನಿಟರು, ದೊಡ್ಡ ಟಿವಿ ಎರಡೂ ಜೋಡಿಸಿದ್ದವು. ಎರಡರಲ್ಲೂ ಒಂದೇ ಚಿತ್ರ ತೋರಿಸು ಎಂದು ಹೇಳಿದಾಗ ಕಂಪ್ಯೂಟರು ಇಬ್ಬರಿಗೂ ಒಗ್ಗುವ ಅಳತೆ ಹುಡುಕುತ್ತದೆ. ನಮ್ಮ ಮಾನಿಟರಿಗೆ 1920 ಆಗುತ್ತಿರಲಿಲ್ಲ. ಹೀಗಾಗಿ ಸಣ್ಣದರ ಸಲುವಾಗಿ ದೊಡ್ಡದೂ ಕೆಳಗಿಳಿದಿತ್ತು. ಕೀಬೋರ್ಡಿನಲ್ಲಿ ವಿಂಡೋಸ್ ಕೀ ಮತ್ತು "ಪಿ" ಒಟ್ಟಿಗೆ ಒತ್ತಿ, "ಸೆಕೆಂಡ್ ಸ್ಕ್ರೀನ್ ಓನ್ಲಿ" ಆರಿಸಿದರೆ ಟಿವಿಗೆ ಮಾತ್ರ ಚಿತ್ರ ಹೋಗುತ್ತದೆ. ಆಮೇಲೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ರೆಸಲ್ಯೂಷನ್ 1920 ಮತ್ತು 1080 ಇದೆಯೇ ನೋಡಬೇಕು. ಕಾಕಾ ಇಷ್ಟು ಮಾಡಿದ ಕೂಡಲೇ ಒತ್ತಕ್ಷರ ಎದ್ದು ಕಂಡವು! ನಾನು ಹಿಂದಿನ ಬೆಂಚಿಗೆ ಓಡಿಹೋಗಿ ಕೂತು ಓದಿದೆ.

ಆಗ ಅಕ್ಷರ ತುಸು ಸಣ್ಣಾದವು. ಸಣ್ಣಾದವು ಅಂತ ರೆಸಲ್ಯೂಷನ್ ಇಳಿಸಬಾರದು. ಅದೇ ಜಾಗದಲ್ಲಿ "ಸ್ಕೇಲ್" ಅಂತ ಇರುತ್ತದೆ. ಅದನ್ನು 150 ಮಾಡಿದರೆ ಅಕ್ಷರ ದೊಡ್ಡದಾಗುತ್ತವೆ, ಚುಕ್ಕೆ ಕಡಿಮೆಯಾಗುವುದಿಲ್ಲ.

ಎರಡನೇ ತಪ್ಪು: ಅಂಚು ಕತ್ತರಿಸುವುದು

ಅಕ್ಷರ ಸರಿಯಾದವು, ಆದರೂ ಬೀದರ್ ಬರಲಿಲ್ಲ. ಇದು ಟಿವಿಯ ಹಳೇ ಚಟ. ಹಿಂದಿನ ಡಬ್ಬಿ ಟಿವಿಗಳಲ್ಲಿ ಗಾಜಿನ ಕೊಳವೆ ಇರುತ್ತಿತ್ತು. ಅದರ ಅಂಚಿನಲ್ಲಿ ಚಿತ್ರ ಸರಿಯಾಗಿ ಬರುತ್ತಿರಲಿಲ್ಲ. ಅದು ಕಾಣಬಾರದೆಂದು ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ಅಂಚನ್ನು ಚೌಕಟ್ಟಿನ ಹಿಂದೆ ಅಡಗಿಸುತ್ತಿದ್ದರು. ಇದಕ್ಕೆ ಓವರ್‌ಸ್ಕ್ಯಾನ್ ಅನ್ನುತ್ತಾರೆ. ಕೊಳವೆ ಹೋಗಿ ಚಪ್ಪಟೆ ಪರದೆ ಬಂದರೂ ಎಷ್ಟೋ ಟಿವಿಗಳು ಈಗಲೂ ಹಾಗೇ ಮಾಡುತ್ತವೆ. ಚಿತ್ರ ಹಿಗ್ಗಿದಾಗ ಚುಕ್ಕೆಯ ಲೆಕ್ಕವೂ ತಪ್ಪುತ್ತದೆ, ಹೀಗಾಗಿ ಮತ್ತೆ ಮಸುಕು.

ಇದನ್ನು ಕಂಪ್ಯೂಟರಿನಲ್ಲಿ ಅಲ್ಲ, ಟಿವಿಯ ರಿಮೋಟಿನಲ್ಲಿ ಸರಿಪಡಿಸಬೇಕು. ಪಿಕ್ಚರ್ ಸೆಟ್ಟಿಂಗಿನಲ್ಲಿ ಚಿತ್ರದ ಅಳತೆಯ ಜಾಗದಲ್ಲಿ "ಜಸ್ಟ್ ಸ್ಕ್ಯಾನ್", "ಸ್ಕ್ರೀನ್ ಫಿಟ್", "ಡಾಟ್ ಬೈ ಡಾಟ್" ಇವುಗಳಲ್ಲಿ ಯಾವುದಾದರೊಂದು ಇರುತ್ತದೆ. ಕಂಪನಿಗೊಂದು ಹೆಸರು, ಕೆಲಸ ಒಂದೇ. ಸರ್ ರಿಮೋಟ್ ಒತ್ತಿದರು. ಪರದೆಯ ಮೇಲ್ತುದಿಯಲ್ಲಿ ಬೀದರ್ ಬಂತು! ಸರ್ ನನ್ನ ಕಡೆ ತಿರುಗಿ, "ತಂಗಿ, ನಿಂದು ತಪ್ಪಿರಲಿಲ್ಲ" ಅಂದರು. ಕ್ಲಾಸಿನಲ್ಲಿ ಯಾರೂ ನಗಲಿಲ್ಲ.

ಯಾವ ವೈರು?

ನೀಲಿ ಮೂತಿಯ, 15 ಸೂಜಿಯ ಹಳೇ ವಿ.ಜಿ.ಎ. ವೈರು 1987ರಲ್ಲಿ ಬಂದದ್ದು. ಅದರಲ್ಲಿ ಚಿತ್ರ ಮಾತ್ರ ಹೋಗುತ್ತದೆ, ಧ್ವನಿ ಹೋಗುವುದಿಲ್ಲ. ಎಚ್.ಡಿ.ಎಂ.ಐ. 2002ರಲ್ಲಿ ಬಂತು, ಅದಕ್ಕೆ 19 ಸೂಜಿ. ಅದು ಚಿತ್ರ, ಧ್ವನಿ ಎರಡನ್ನೂ ಅಂಕಿಯ ರೂಪದಲ್ಲಿ ಒಯ್ಯುತ್ತದೆ. ಅಲ್ಲದೆ "ನನ್ನ ಅಳತೆ ಇಷ್ಟು" ಎಂದು ಟಿವಿ ಇದೇ ವೈರಿನ ಮೂಲಕ ಕಂಪ್ಯೂಟರಿಗೆ ತಿಳಿಸುತ್ತದೆ. ಎರಡು ಮೀಟರಿನಷ್ಟು ದೂರಕ್ಕೆ ದುಬಾರಿ ವೈರು ಬೇಕಾಗಿಲ್ಲ. ಅಗ್ಗದ್ದೂ ಕೆಟ್ಟಿರದಿದ್ದರೆ ಅಷ್ಟೇ ಚಂದ ತೋರಿಸುತ್ತದೆ.

ಧ್ವಜದ ಪರೀಕ್ಷೆ

ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜ ತಯಾರಾಗುತ್ತದೆ. ಅಲ್ಲಿ ನೂಲು, ಬಣ್ಣ, ಅಳತೆ ಎಲ್ಲವನ್ನೂ ಪರೀಕ್ಷೆ ಮಾಡುತ್ತಾರೆ. ಧ್ವಜದ ಅಗಲ 3 ಇದ್ದರೆ ಎತ್ತರ 2 ಇರಲೇಬೇಕು. ನಾವೂ ಟಿವಿಯನ್ನು ಧ್ವಜದಿಂದ ಪರೀಕ್ಷೆ ಮಾಡಬಹುದು. ಧ್ವಜದ ಒಳ್ಳೆಯ ಚಿತ್ರವೊಂದನ್ನು ಪರದೆಗೆ ಹಾಕಿರಿ.

1. ಅಶೋಕ ಚಕ್ರ ದುಂಡಗಿದೆಯೇ? ತತ್ತಿಯಂತೆ ಅಡ್ಡಕ್ಕೆ ಹಿಗ್ಗಿದ್ದರೆ ಅಗಲ ಎತ್ತರದ ಪ್ರಮಾಣ ತಪ್ಪಿದೆ. 1024 ಮತ್ತು 768ರ ಹಳೇ ಅಳತೆಯನ್ನು ಅಗಲ ಟಿವಿಗೆ ಎಳೆದರೆ 30 ಸೆಂ.ಮೀ. ಎತ್ತರದ ಚಕ್ರ 40 ಸೆಂ.ಮೀ. ಅಗಲ ಆಗುತ್ತದೆ.

2. ಚಕ್ರದ 24 ಗೆರೆಗಳನ್ನು ಬೇರೆ ಬೇರೆಯಾಗಿ ಎಣಿಸಲು ಬರುತ್ತದೆಯೇ? ಬರದಿದ್ದರೆ ರೆಸಲ್ಯೂಷನ್ ನೋಡಿರಿ.

3. ಚಿತ್ರ ಮುಚ್ಚಿ ಕೆಳಗಿನ ಪಟ್ಟಿ ನೋಡಿರಿ. ಬಲ ಮೂಲೆಯ ಗಡಿಯಾರ ಪೂರ್ತಿ ಕಾಣದಿದ್ದರೆ ಅಂಚು ಕತ್ತರಿಸಿದೆ.

ಇವನ್ನೆಲ್ಲ ಸರ್ ಇದ್ದಾಗಲೇ ಮಾಡಬೇಕು. ವೈರು ತೆಗೆದು ಹಾಕುವ ಮುಂಚೆ ಸ್ವಿಚ್ ಬಂದ್ ಮಾಡಬೇಕು.

ಕೊನೆಗೆ ಒಂದು ಮಾತು. ಕರಿಹಲಗೆಯ ಮೇಲಿನ ಅಕ್ಷರವೂ ಕಾಣದಿದ್ದರೆ ಕಣ್ಣು ತೋರಿಸಲೇಬೇಕು, ನಾಚಬೇಡಿರಿ. ಆದರೆ ಹಲಗೆ ಕಂಡು ಟಿವಿ ಮಾತ್ರ ಕಾಣದಿದ್ದರೆ ಎದ್ದು ನಿಂತು ಹೇಳಿರಿ. ನಾನು ಆರು ತಿಂಗಳು ಸುಮ್ಮನಿದ್ದೆ, ಅದಕ್ಕೇ ಅಪ್ಪನ ಒಂದು ದಿನದ ಕೂಲಿ ಹೋಯಿತು. ಗುರುಗಳೂ ಪಾಠ ಶುರು ಮಾಡುವ ಮುಂಚೆ ಒಮ್ಮೆ ಹಿಂದಿನ ಬೆಂಚಿಗೆ ಬಂದು ಕೂತು ಪರದೆ ನೋಡಬೇಕೆಂದು ನಮ್ಮೆಲ್ಲರ ವಿನಂತಿ.

— ಹಿಂದಿನ ಬೆಂಚಿನವಳು, 9ನೇ ತರಗತಿ