ಬೀಗ ಒಂದೇ ಸಾಲದು

ಅರಸೀಕೆರೆಯ ಶಿವಾಲಯ, ಹಳೇಬೀಡು, ಬೇಲೂರು ನೋಡಲು ಬೈಕಿನಲ್ಲಿ ಹೊರಡುವ ಕಾಲೇಜು ವಿದ್ಯಾರ್ಥಿಗಳೇ, ಶಿಲ್ಪಗಳ ಮುಂದೆ ನಿಂತರೆ ಗಂಟೆ ಉರುಳಿದ್ದು ತಿಳಿಯದು. ಬೈಕ್ ಕಳ್ಳನಿಗೆ ಬೇಕಾದದ್ದೂ ಆ ಸಮಯವೇ.

ಹ್ಯಾಂಡಲ್ ಲಾಕ್ ಒಂದನ್ನೇ ನಂಬಬೇಡಿ. ಹ್ಯಾಂಡಲ್ ಕೂಡ ಒಂದು ಸನ್ನೆಯೇ. ತುದಿಗೆ ಹಾಕಿದ ಬಲ ಒಳಗಿನ ಪುಟ್ಟ ಬೀಗದ ಮೇಲೆ ಹಲವು ಪಟ್ಟಾಗಿ ಬೀಳುತ್ತದೆ. ಚಕ್ರಕ್ಕೂ ಬೀಗವಿದ್ದರೆ ಬೈಕು ಸುಲಭವಾಗಿ ಉರುಳದು. ಕಳ್ಳನಿಗೆ ಹೊತ್ತು ಹಿಡಿಯುತ್ತದೆ. ಕಾವಲಿರುವ ಕಡೆಯೇ ನಿಲ್ಲಿಸಿ, ಚೀಟಿ ಜೋಪಾನವಾಗಿಡಿ.

ಪಾಲಕರೇ, ಥರ್ಡ್ ಪಾರ್ಟಿ ವಿಮೆಯೊಂದೇ ಇದ್ದರೆ ಕಳವಿಗೆ ಪರಿಹಾರ ಸಿಗದು. ಮಕ್ಕಳ ಬೈಕಿನ ವಿಮಾ ಪತ್ರವನ್ನು ಇಂದೇ ತೆಗೆದು ನೋಡಿ.

ಯಾರಾದರೂ ಬೀಗ ಮುರಿಯುವುದು ಕಂಡರೆ ಮೇಲೆ ಬೀಳಬೇಡಿ, ಬೆನ್ನಟ್ಟಬೇಡಿ. ಜನರಿರುವೆಡೆ ಸರಿದು 112ಕ್ಕೆ ಕರೆ ಮಾಡಿ. ಬೈಕು ಇನ್ನೊಂದು ಬಂದೀತು, ಜೀವ ಬಾರದು.