ಎಕಾರ್ನ್ ಕಂಪ್ಯೂಟರಿಗೆ ಮರುಜೀವ ಬೇಕೇ?

ನಮ್ಮ ಜೇಬಿನಲ್ಲಿರುವ ಹೆಚ್ಚುಕಡಿಮೆ ಎಲ್ಲ ಮೊಬೈಲುಗಳಲ್ಲೂ ಕೆಲಸ ಮಾಡುವುದು ಆರ್ಮ್ ವಂಶದ ಪ್ರೊಸೆಸರ್. ಅದರ ತವರು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಎಕಾರ್ನ್ ಎಂಬ ಕಂಪನಿ. ಎಕಾರ್ನ್ ಕಂಪ್ಯೂಟರುಗಳು ಮಾರುಕಟ್ಟೆಯಿಂದ ಮರೆಯಾಗಿ ಕಾಲು ಶತಮಾನ ದಾಟಿದೆ. ಅವುಗಳನ್ನು ನಡೆಸುತ್ತಿದ್ದ ರಿಸ್ಕ್ ಓಎಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಮಾತ್ರ ಅಭಿಮಾನಿಗಳ ಕೈಯಲ್ಲಿ ಉಳಿದುಕೊಂಡಿದೆ. ಅದನ್ನು ಹೊಸ ಕಾಲಕ್ಕೆ ಸಜ್ಜುಗೊಳಿಸಬೇಕೇ?

ಕತೆ ಶುರುವಾಗುವುದು 1981ರಲ್ಲಿ. ಟಿ.ವಿ. ಮೂಲಕ ಜನರಿಗೆ ಕಂಪ್ಯೂಟರ್ ಕಲಿಸಲು ಹೊರಟ ಬಿಬಿಸಿಗೆ ಒಂದು ಯಂತ್ರ ಬೇಕಿತ್ತು. ಎಕಾರ್ನ್ ಕಟ್ಟಿಕೊಟ್ಟ ‘ಬಿಬಿಸಿ ಮೈಕ್ರೊ’ ಬ್ರಿಟನ್ನಿನ ಶಾಲೆಗಳನ್ನು ತುಂಬಿತು. ಭಾರತ ಸರ್ಕಾರ 1984ರಲ್ಲಿ ‘ಕ್ಲಾಸ್’ ಎಂಬ ಕಂಪ್ಯೂಟರ್ ಶಿಕ್ಷಣ ಯೋಜನೆ ಆರಂಭಿಸಿದಾಗ ನಮ್ಮ ಆಯ್ದ ಶಾಲೆಗಳಿಗೆ ಬಂದದ್ದೂ ಇದೇ ಯಂತ್ರ. ಸ್ವಿಚ್ ಒತ್ತಿದರೆ ಸಾಕು, ಬೇಸಿಕ್ ಭಾಷೆ ತೆರೆದುಕೊಳ್ಳುತ್ತಿತ್ತು. ಮಕ್ಕಳು ನೇರವಾಗಿ ಪ್ರೋಗ್ರಾಂ ಬರೆಯಬಹುದಿತ್ತು.

ಮುಂದಿನ ಯಂತ್ರಕ್ಕೆ ಹೊಂದುವ ಪ್ರೊಸೆಸರ್ ಮಾರುಕಟ್ಟೆಯಲ್ಲಿ ಸಿಗದಿದ್ದಾಗ ಎಕಾರ್ನ್ ತಾನೇ ಒಂದನ್ನು ರೂಪಿಸಿತು. ಸೋಫಿ ವಿಲ್ಸನ್ ಅದರ ಆದೇಶಗಳನ್ನು ಹೆಣೆದರು, ಸ್ಟೀವ್ ಫರ್ಬರ್ ಯಂತ್ರಾಂಗವನ್ನು. 1985ರ ಏಪ್ರಿಲ್ 26ರಂದು ಮೊದಲ ಚಿಪ್ ಮೊದಲ ಸಲಕ್ಕೇ ಓಡಿತು. ವಿದ್ಯುತ್ ಅಳೆಯಹೋದರೆ ಮೀಟರ್ ಸೊನ್ನೆ ತೋರಿಸಿತು! ಚಿಪ್ಪಿಗೆ ವಿದ್ಯುತ್ ಸಂಪರ್ಕವೇ ಇರಲಿಲ್ಲ; ಪಕ್ಕದ ತಂತಿಗಳಿಂದ ಸೋರಿಬಂದ ಅಲ್ಪಸ್ವಲ್ಪದಲ್ಲೇ ಅದು ನಡೆಯುತ್ತಿತ್ತು. ಮುಂದೆ ಮೊಬೈಲು ತಯಾರಕರು ಈ ಚಿಪ್ಪಿಗೆ ಮನಸೋತದ್ದು ಇದೇ ಮಿತಾಹಾರಕ್ಕೆ.

1987ರಲ್ಲಿ ಆರ್ಕಿಮಿಡೀಸ್ ಕಂಪ್ಯೂಟರ್ ಬಂತು, 1989ರಲ್ಲಿ ರಿಸ್ಕ್ ಓಎಸ್. 1990ರಲ್ಲಿ ಆ್ಯಪಲ್ ಮತ್ತು ಚಿಪ್ ತಯಾರಕ ವಿಎಲ್‌ಎಸ್‌ಐ ಜತೆಗೂಡಿ ಚಿಪ್ ವಿಭಾಗವನ್ನೇ ಬೇರೆ ಕಂಪನಿಯಾಗಿ ಮಾಡಲಾಯಿತು. ಮಗಳು ಬೆಳೆದಳು, ತಾಯಿ ಸೊರಗಿದಳು. 1998ರಲ್ಲಿ ಎಕಾರ್ನ್ ತನ್ನ ಹೊಸ ಮಾದರಿ ‘ಫೀಬಿ’ಯನ್ನು ಕೈಬಿಟ್ಟು ಕಂಪ್ಯೂಟರ್ ತಯಾರಿಕೆಯನ್ನೇ ನಿಲ್ಲಿಸಿತು.

2018ರಲ್ಲಿ ರಿಸ್ಕ್ ಓಎಸ್ ಮುಕ್ತ ತಂತ್ರಾಂಶವಾಯಿತು. ರಾಸ್ಪ್‌ಬೆರಿ ಪೈ ಎಂಬ ಅಗ್ಗದ ಪುಟ್ಟ ಕಂಪ್ಯೂಟರಿನಲ್ಲಿ ಅದು ಇಂದಿಗೂ ಚುರುಕಾಗಿ ಓಡುತ್ತದೆ. ತೊಡಕು ಇರುವುದು ಮುಂದಿನ ದಾರಿಯಲ್ಲಿ. ರಿಸ್ಕ್ ಓಎಸ್‌ನ ಬಹುಭಾಗ 32 ಬಿಟ್ ಆರ್ಮ್‌ನ ಅಸೆಂಬ್ಲಿ ಭಾಷೆಯಲ್ಲಿದೆ. ಹೊಸ ಆರ್ಮ್ ಚಿಪ್ಪುಗಳು 64 ಬಿಟ್ಟಿನತ್ತ ಸರಿದಿವೆ. 2023ರ ರಾಸ್ಪ್‌ಬೆರಿ ಪೈ 5ರ ಮೇಲೆ ಅದು ನೇರವಾಗಿ ಓಡಲಾರದು. ಯಾವ ಚಿಪ್ಪಿಗಾಗಿ ಅದನ್ನು ಬರೆದರೋ ಆ ವಂಶವೇ ಅದನ್ನು ಹೊರಗಿಟ್ಟಿದೆ.

ಪೂರ್ತಿ ತಿರುಗಿ ಬರೆಯಬೇಕು ಎನ್ನುವವರಿದ್ದಾರೆ. ಆದರೆ ಅದರ ವೇಗ, ಕಿರಿದಾದ ಗಾತ್ರ ಎರಡೂ ಆ ಹಳೆಯ ಬರವಣಿಗೆಯ ಫಲ. ಒಂದು ಪ್ರೋಗ್ರಾಂ ಪಟ್ಟು ಬಿಡದಿದ್ದರೆ ಇಡೀ ಯಂತ್ರ ಕಾದು ಕೂರಬೇಕಾದ ದೋಷವೂ ಅಲ್ಲಿಯದೇ. ದೋಷ ತಿದ್ದಿ, ಭಾಷೆ ಬದಲಿಸಿ, ಜಾಲತಾಣಗಳಿಗೆ ಹೊಂದಿಸಿ ಮುಗಿಸುವಷ್ಟರಲ್ಲಿ ಅದು ಇನ್ನೊಂದು ಲಿನಕ್ಸ್ ಆಗಿರುತ್ತದೆ. ಲಿನಕ್ಸ್ ಈಗಾಗಲೇ ಇದೆ.

ಎಕಾರ್ನ್‌ನ ನಿಜವಾದ ಸಾಧನೆ ಮಗುವೊಂದು ಬೆದರದೆ ಪೂರ್ತಿ ಅರಿಯಬಹುದಾದ ಯಂತ್ರ. ಮೊದಲ ಪೈಗಳಿಗೆ ಎ, ಬಿ ಎಂದು ಬಿಬಿಸಿ ಮೈಕ್ರೊದ ಮಾದರಿಗಳ ಹೆಸರನ್ನೇ ಇಟ್ಟವರಿಗೆ ಇದು ಗೊತ್ತಿತ್ತು. ರಿಸ್ಕ್ ಓಎಸ್ ಹಳೆಯ ಪೈಗಳ ಮೇಲೆ ಇದ್ದ ಹಾಗೆಯೇ ಇರಲಿ, ಕಲಿಯುವವರು ಬಿಚ್ಚಿ ನೋಡಲಿ. ದುಡಿಮೆ ಸುರಿಯುವುದಾದರೆ ಇಂದಿನ ಮಕ್ಕಳ ಕೈಗೆಟಕುವ ಯಂತ್ರಕ್ಕೆ ಸುರಿಯುವುದು ಮೇಲು.